ಗೋಡೆ ನೋಡಲು ಹೋಗಿ ಅತ್ತೆಗೆ ಸನ್ಮಾನ

ಹೋದ ವರ್ಷ ದಸರಾ ರಜೆಯಲ್ಲಿ ಮಗಳು ಸಿಂಚನಾ ಒಂದೇ ಹಟ ಹಿಡಿದಳು. ದೇವನಹಳ್ಳಿ ರಸ್ತೆಯ ಹೊಸ ಹೋಟೆಲಿನಲ್ಲಿ ಅವಳು ಓದುವ ಮಾಯಾಶಾಲೆ ಕಥೆಯ ಗೋಡೆ ಕಟ್ಟಿದ್ದಾರಂತೆ. ಆ ಕಥೆಯ ಮಕ್ಕಳು ಸಾಮಾನಿನ ಗಾಡಿ ತಳ್ಳಿಕೊಂಡು ರೈಲು ನಿಲ್ದಾಣದ ಗೋಡೆಯೊಳಗೇ ನುಗ್ಗಿಬಿಡುತ್ತಾರೆ. ಇಂಗ್ಲೆಂಡಿನಲ್ಲಿ ನಿಜವಾಗಿಯೂ ಅಂಥದ್ದೊಂದು ಗೋಡೆ ಇದೆ, ಇದು ಅದರ ನಕಲು. ಗೋಡೆ ನೋಡಲು ಬಸ್ಸು ಹತ್ತುವ ಹುಚ್ಚು ನನಗಂತೂ ಅರ್ಥವಾಗಲಿಲ್ಲ. ಬರುವುದಿಲ್ಲ ಎನ್ನುತ್ತಲೇ ಅತ್ತೆ ರೇಷ್ಮೆ ಸೀರೆ ಉಟ್ಟು ಎಲ್ಲರಿಗಿಂತ ಮೊದಲು ಬಾಗಿಲಲ್ಲಿ ನಿಂತಿದ್ದರು.

ಮಾವ ತೀರಿಕೊಂಡ ಮೇಲೆ ದೊಡ್ಡಬಳ್ಳಾಪುರದ ನಮ್ಮ ಮನೆಯ ಪವರ್‌ಲೂಮ್‌ಗಳನ್ನು ನಡೆಸಿದವರು ಅತ್ತೆಯೇ. ಮಗ್ಗದ ಸದ್ದಿನ ನಡುವೆ ಕೂಗಿ ಕೂಗಿ ಅಭ್ಯಾಸವಾದ ಗಂಟಲು. ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ.

ಹೋಟೆಲಿನಲ್ಲಿ ಇಟ್ಟಿಗೆ ಗೋಡೆ, ಅದರಲ್ಲಿ ಅರ್ಧ ಹುದುಗಿದ ಗಾಡಿ, ಮುಂದೆ ಉದ್ದ ಸಾಲು.

"ಇದ್ಯಾವ ದೇವ್ರಮ್ಮಾ?" ಎಂದರು ಅತ್ತೆ. ಸಾಲೆಲ್ಲ ತಿರುಗಿ ನೋಡಿತು.

ನಮ್ಮ ಸರದಿ ಬಂದಾಗ, "ಅಜ್ಜಿ, ಮೊದ್ಲು ನೀನು ನಿಂತ್ಕೋ" ಎಂದು ಸಿಂಚನಾ ಅವರನ್ನು ಮುಂದೆ ತಳ್ಳಿದಳು. ಆ ಕಥೆಯ ಮಕ್ಕಳಂತೆ ಕಪ್ಪು ಗೌನು ತೊಟ್ಟ ಹೋಟೆಲಿನ ಹುಡುಗಿ ನಗುತ್ತಾ ಬಂದು, ಫೋಟೋಗಾಗಿ ಎಲ್ಲರಿಗೂ ಹಾಕುವ ಕೆಂಪು ಶಾಲನ್ನು ಅತ್ತೆಯ ಹೆಗಲಿಗೂ ಹಾಕಿದಳು.

ನಮ್ಮ ಕಡೆ ಹೆಗಲಿಗೆ ಶಾಲು ಬಿತ್ತೆಂದರೆ ಸನ್ಮಾನ. ನೇಕಾರರ ಸಂಘದ ವಾರ್ಷಿಕೋತ್ಸವದಲ್ಲಿ ಮಾವನಿಗೆ, ನನ್ನ ಗಂಡನಿಗೆ, ಕೊನೆಗೆ ಶಾಮಿಯಾನ ಹಾಕಿದವನಿಗೂ ಶಾಲು ಹೊದಿಸಿದ್ದನ್ನು ಅತ್ತೆ ಕೆಳಗೆ ಕೂತು ನೋಡಿದವರು. ಕೈ ಮುಗಿದೇಬಿಟ್ಟರು. ಕಣ್ಣು ತುಂಬಿತ್ತು.

"ಇಷ್ಟು ಜನ ಸೇರಿ ನನ್ನ ನೆನೆಸ್ಕೊಂಡ್ರಲ್ಲಾ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ನಾನೇನೂ ಓದ್ದೋಳಲ್ಲ. ಮಗ್ಗ ನಿಲ್ಲಿಸ್ಲಿಲ್ಲ, ಅಷ್ಟೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಈಗ ಆ ಹುಡುಗಿ ಶಾಲು ವಾಪಸ್ ಕೇಳಿದರೆ ಇಷ್ಟು ಜನರ ಮುಂದೆ ಅತ್ತೆಯ ಗತಿ ಏನು? ಹುಡುಗಿ ಕೈ ಚಾಚಿಯೇಬಿಟ್ಟಳು. "ಅಜ್ಜೀ, ಅದು..."

ಅಷ್ಟರಲ್ಲಿ ಸಿಂಚನಾ ಚಪ್ಪಾಳೆ ತಟ್ಟಿದಳು. ಹಿಂದಿದ್ದವರೂ ತಟ್ಟಿದರು. ಏನೆಂದು ಗೊತ್ತಿಲ್ಲದವರು ಇನ್ನೂ ಜೋರಾಗಿ ತಟ್ಟಿದರು. ಚಾಚಿದ ಕೈಯನ್ನು ಏನು ಮಾಡುವುದೆಂದು ತೋಚದೆ ಆ ಹುಡುಗಿ ಬಗ್ಗಿ ಅತ್ತೆಯ ಕಾಲು ಮುಟ್ಟಿ ನಮಸ್ಕರಿಸಿದಳು.

"ನೂರ್ಕಾಲ ಬಾಳಮ್ಮಾ" ಎಂದು ಹರಸಿದ ಅತ್ತೆ, ಶಾಲು ತೆಗೆದು ಅವಳಿಗೇ ಹೊದಿಸಿದರು. "ನಂಗಿಷ್ಟು ಸಾಕು. ದುಡಿಯೋ ಮಗು ನೀನು, ನೀನೇ ಇಟ್ಕೊ."

ಹೋದ ಜೀವ ಬಂದಂತಾಯಿತು. ಸಿಂಚನಾ ಫೋಟೋ ತೆಗೆಸಿಕೊಂಡಳೋ ಇಲ್ಲವೋ ನನಗೆ ನೆನಪೇ ಇಲ್ಲ.

ಮನೆ ಸೇರಿದ್ದೇ ತಡ, ಅತ್ತೆಯ ಗಂಟಲಿನಿಂದ ಸುದ್ದಿ ಬೀದಿಗೆಲ್ಲ ಗೊತ್ತಾಯಿತು. ಪಕ್ಕದ ಮನೆಯಾಕೆ, "ಯಾತಕ್ಕೆ ಸನ್ಮಾನ ಮಾಡಿದ್ರಕ್ಕಾ?" ಎಂದು ಕೇಳಿದರು.

"ಅವ್ರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ ಕಣೇ. ನಾನು ಮಗ್ಗ ನಡೆಸಿದ್ದನ್ನ ಯಾರೋ ಒಬ್ರಾದ್ರೂ ನೋಡಿರ್ಬೇಕು" ಎಂದರು ಅತ್ತೆ.

ನಗು ತಡೆಯಲಾಗದೆ ಅಡುಗೆಮನೆಗೆ ಓಡಿದವಳು ಅಲ್ಲಿ ಅತ್ತುಬಿಟ್ಟೆ. ಅದು ಫೋಟೋದ ಶಾಲು ಎಂದು ನಾವ್ಯಾರೂ ಇವತ್ತಿಗೂ ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.