ಡಾಲ್ಫಿನ್ನಿನ ಹುಳು, ನಮ್ಮ ಎಮ್ಮೆಕರುವಿನ ಹುಳು

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದೆ. ಸಮುದ್ರವನ್ನು ಎಂದೂ ಕಂಡವಳಲ್ಲ. ಮಂಗಳೂರಿನಲ್ಲಿ ಕೆಲಸದಲ್ಲಿದ್ದ ಭಾವ ಒಮ್ಮೆ ಮನೆಗೆ ಬಂದಾಗ ನನ್ನ ಕೈಗೆ ಒಂದು ಗಾಜಿನ ಸೀಸೆ ಕೊಟ್ಟರು. ದಡಕ್ಕೆ ಬಿದ್ದು ಸತ್ತಿದ್ದ ಡಾಲ್ಫಿನ್ನಿನ ಹೊಟ್ಟೆಯಲ್ಲಿ ಸಿಕ್ಕ ಬಿಳಿಯ ದುಂಡುಹುಳುಗಳು ಅದರಲ್ಲಿದ್ದವು.

"ಸೀರೆ ತರೋಣಾಂತಿದ್ದೆ. ಅವಳಿಗೆ ಇದೇ ಇಷ್ಟ ಆಗೋದು ಅಂದ್ಲು ನಿಮ್ಮಕ್ಕ," ಎಂದು ನಕ್ಕರು.

ಇಂಥ ಹುಳು ಯಾವ ಗುಂಪಿನದೆಂದು ತಿಳಿಯಲು ಅದರ ಬಾಯಿ ನೋಡಬೇಕು. ಭಾನುವಾರ ಪ್ರಯೋಗಶಾಲೆಯಲ್ಲಿ ಒಂದರ ತಲೆಯ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಬಾಯಿ ಮೇಲಾಗುವಂತೆ ನಿಲ್ಲಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಬಾಯಿಯ ಸುತ್ತ ಮೂರು ತುಟಿ. ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಆಗ ನೆನಪಾಯಿತು: ನಮ್ಮ ಎಮ್ಮೆಕರು ಹೊಟ್ಟೆಯುಬ್ಬರದಿಂದ ಮಲಗಿದ್ದಾಗ, ದನದ ಡಾಕ್ಟರ ಔಷಧಿಗೆ ಬಿದ್ದ ಜಂತುಹುಳುವೊಂದನ್ನು ತಂದು ಕಪಾಟಿನಲ್ಲಿ ಇಟ್ಟಿದ್ದೆ. ಅದನ್ನೂ ಕತ್ತರಿಸಿದೆ. ಅಲ್ಲೂ ಮೂರು ತುಟಿ! ಹುಳುಗಳ ಕುಟುಂಬ ಬೇರೆ, ಮೂಲ ವಂಶ ಒಂದೇ.

ತಡೆಯಲಾರದೆ ಮನೆಗೆ ಹೋಗಿ ಅಮ್ಮನನ್ನೇ ಕರೆತಂದೆ. ಅವಳು ಒಂದು ಕಣ್ಣು ಮುಚ್ಚಿ ಎರಡನ್ನೂ ನೋಡಿದಳು.

"ಇದು ಸಮುದ್ರದ್ದು ಅಂತೀಯ. ನಮ್ ಕೊಟ್ಟಿಗೇಗೂ ಅದಕ್ಕೂ ಏನೇ ಸಂಬಂಧ?"

"ಡಾಲ್ಫಿನ್ನಿನ ಪೂರ್ವಜ ಪ್ರಾಣಿಗಳೂ ಒಂದ್ಕಾಲದಲ್ಲಿ ನೆಲದ ಮೇಲೆ ನಡೀತಿದ್ವಮ್ಮ. ಅವು ನೀರಿಗಿಳಿದಾಗ ಹುಳಾನೂ ಜೊತೇಲೇ ಹೋಯ್ತೋ, ಆಮೇಲೆ ಮೀನು ತಿಂದಾಗ ಸೇರ್ಕೊಳ್ತೋ, ಇನ್ನೂ ಖಚಿತವಾಗಿ ಗೊತ್ತಿಲ್ಲ."

ಅಮ್ಮ ಮತ್ತೆ ಕಣ್ಣಿಟ್ಟಳು. "ಎಷ್ಟು ಕಾಲ ಆಗಿರ್ಬೋದೇ?"

"ನಮ್ಮ ಲೆಕ್ಕಕ್ಕೆ ಸಿಗೋದಲ್ಲ. ಮನುಷ್ಯರೇ ಇರ್ಲಿಲ್ಲ ಆಗ."

ಆ ಬೇಸಿಗೆ ರಜೆಯಲ್ಲಿ ಇಬ್ಬರೂ ಮಂಗಳೂರಿಗೆ ಹೋದೆವು. ಭಾವ ಹಿತ್ತಲಲ್ಲಿ ದೊಡ್ಡ ಮೀನೊಂದನ್ನು ಸೀಳಿದರು. ಕರುಳಿನ ಮೇಲೆ, ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಂಡ ಸಣ್ಣ ಹುಳುಗಳು. ನಾನು ಅಮ್ಮನಿಗೆ ಹೇಳಿದೆ: ಇವು ಡಾಲ್ಫಿನ್ನಿನಲ್ಲಿದ್ದಂಥ ಹುಳುವಿನ ಮರಿಗಳು, ಅದರ ಮೊಟ್ಟೆ ನೀರಿಗೆ ಬೀಳುತ್ತದೆ, ಮರಿ ಸೀಗಡಿಯಂಥ ಸಣ್ಣ ಜೀವಿಯ ಹೊಟ್ಟೆ ಸೇರಿ, ಅಲ್ಲಿಂದ ಮೀನಿಗೆ ಬರುತ್ತದೆ, ಆ ಮೀನನ್ನು ಡಾಲ್ಫಿನ್ನಿನಂಥ ಪ್ರಾಣಿ ನುಂಗಿದರೆ ಮಾತ್ರ ಬೆಳೆದು ದೊಡ್ಡದಾಗುತ್ತದೆ.

"ಯಾರೂ ನುಂಗದೆ ಹೋದ್ರೆ?"

"ಹಿಂಗೇ ಸುತ್ಕೊಂಡು ಕಾಯ್ತಿರುತ್ತೆ."

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಲ್ಲಿ ಕೂತಳು. ಭಾವ ಕತ್ತಿ ಕೆಳಗಿಟ್ಟರು. ಒಂದು ಸುರುಳಿ ಮೆಲ್ಲಗೆ ಬಿಚ್ಚಿಕೊಂಡು ಮಿಸುಕಿತು. ಮೂವರೂ ಇನ್ನಷ್ಟು ಹತ್ತಿರ ಬಾಗಿದೆವು.

ಒಳಗಿನಿಂದ ಅಕ್ಕ ಕೂಗಿದಳು: "ಮಸಾಲೆ ಅರೆದು ಆಗ್ಲೇ ಒಣಗ್ತಾ ಇದೆ, ಮೀನೆಲ್ರೀ?"