‘ಹ’ ನುಂಗಿದವರು

ಇವತ್ತು ಬೆಳಿಗ್ಗೆ ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಹಳೆಯ ಇಂಗ್ಲಿಷ್ ನಾಟಕವೊಂದರ ಉಪನ್ಯಾಸ ಕೇಳುತ್ತಿದ್ದೆ. ನಡುವೆ ಕೇಳಿಸಿದ ನಾಟಕದ ತುಣುಕಿನಲ್ಲಿ ಸೇವಕ ‘ಹೌಸ್’ ಅನ್ನುವುದನ್ನು ‘ಔಸ್’ ಅಂದ. ಸಭಿಕರು ನಕ್ಕರು. ನಾನು ತಲೆ ತಗ್ಗಿಸಿದೆ.

ನಾನು ಓದಿದ ಚಿನಕುರಳಿಯ ಶಾಲೆಯಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಟೇಪ್ ರೆಕಾರ್ಡರನ್ನು ಟವಲಿನಲ್ಲಿ ಸುತ್ತಿ, ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ತರುತ್ತಿದ್ದರು. ಒಂದು ದಿನ ಕ್ಯಾಸೆಟ್ಟಿನಲ್ಲೂ ಸೇವಕನೊಬ್ಬ ಹೀಗೇ ಮಾತಾಡಿದ. ಮೇಷ್ಟ್ರು ಟೇಪು ನಿಲ್ಲಿಸಿ, “ಓದು ಬರಹ ಇಲ್ಲದವರು ‘ಹ’ ನುಂಗ್ತಾರೆ. ಅದಕ್ಕೇ ದೊಡ್ಡ ಜನ ನಗೋದು” ಎಂದರು. ನಾವೂ ಜೋರಾಗಿ ನಕ್ಕೆವು. ಮನೆಗೆ ಹೋದರೆ ನಾವೆಲ್ಲ ಹಾಗೇ ಮಾತಾಡುವವರು!

ಆಗಲೇ ಅವ್ವ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಮೇಷ್ಟ್ರ ಮನೆಗೆ ದಿನಾ ವರ್ತನೆಗೆ ಹಾಕುವ ಹಾಲಿನ ಕ್ಯಾನು.

“ಮೇಷ್ಟ್ರೇ, ನಿಮ್ಮನೆಗೆ ಬೀಗ ಆಕವ್ರೆ. ಆಲು ಇಲ್ಲೇ ಮಡಗ್ಲಾ?”

ತರಗತಿ ಗೊಳ್ಳೆಂದಿತು. “ಟೇಪಲ್ಲಿರೋನ ಅಕ್ಕ ಬಂದ್ಬುಟ್ಲು ಕಣ್ಲಾ!” ಎಂದು ಹಿಂದಿನ ಬೆಂಚಿನವನು ಕೂಗಿದ. ಮಕ್ಕಳು ತನ್ನನ್ನು ಕಂಡು ಖುಷಿಪಟ್ಟರೆಂದುಕೊಂಡು ಅವ್ವನೂ ನಕ್ಕಳು. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬೆಂಚುಗಳ ನಡುವೆ ನನ್ನನ್ನು ಹುಡುಕಿದಳು. ನಾನು ಬೀಳದ ಪೆನ್ನೊಂದನ್ನು ಹುಡುಕುತ್ತ ಬೆಂಚಿನ ಕೆಳಗೆ ಬಗ್ಗಿದ್ದೆ.

ಬಸ್ಸು ಕಾವೇರಿ ಸೇತುವೆ ದಾಟುವಾಗ ಉಪನ್ಯಾಸ ತಟ್ಟನೆ ನಿಂತು ಫೋನು ಬಂತು. ಅದೇ ಇಯರ್‌ಫೋನಿನಲ್ಲಿ ಅವ್ವನ ದನಿ.

“ಅಲೋ, ತಿಂಡಿ ತಿಂದೇನವ್ವ?”

ಪಕ್ಕದ ಸೀಟಿನಲ್ಲಿ ಯಾರೋ ಕೂತಿದ್ದರು. ನಾನು ‘ಹ’ ಒತ್ತಿ ‘ಹಲೋ’ ಎಂದೆ.