ರಾವಂದೂರಿನ ಎಲ್ಲ ಫೋನುಗಳಲ್ಲಿ ನಾನು

ನನ್ನ ಪರ್ಸ್ ಕಳೆದಿದೆಯೆಂದು ನನಗಿಂತ ಮೊದಲು ರಾವಂದೂರಿಗೆ ಗೊತ್ತಾಗಿತ್ತು. ಹುಣಸೂರಿನಿಂದ ಇಲಾಖೆಯ ಜೀಪಿನಲ್ಲಿ ಬಂದಿಳಿದರೆ, ನಾನು ಬಾಡಿಗೆಗಿರುವ ಮನೆಯ ಜಯಮ್ಮ ಜಗಲಿಯಿಂದಲೇ ಫೋನನ್ನು ನನ್ನ ಮುಖಕ್ಕೆ ಹಿಡಿದರು.

“ಇದು ನೀನೇ ಅಲ್ವೇನವ್ವಾ? ಎಲ್ಲಾ ಗ್ರೂಪ್ನಲ್ಲೂ ನಿನ್ ಫೋಟೋನೇ ಓಡಾಡ್ತಾ ಅದೆ ಕಣವ್ವ.”

ನಾನೇ. ಆಧಾರ್ ಕಾರ್ಡಿನಲ್ಲಿ ಎಲ್ಲರೂ ಇರುವ ಹಾಗೆ, ಜ್ವರ ಬಂದವಳ ಮುಖ. ಕೆಳಗೆ ಪ್ಯಾನ್ ಕಾರ್ಡು, ಎಟಿಎಂ ಕಾರ್ಡಿನ ಎರಡೂ ಬದಿ. ಹುಟ್ಟಿದ ದಿನ, ಅಪ್ಪನ ಹೆಸರು, ಸಿಂದಗಿ ತಾಲ್ಲೂಕಿನ ನಮ್ಮೂರ ವಿಳಾಸ, ಯಾವುದೂ ಬಾಕಿಯಿಲ್ಲ. ‘ಕಳಕೊಂಡವರಿಗೆ ತಲುಪುವವರೆಗೂ ಶೇರ್ ಮಾಡಿ’ ಎಂದು ಕೊನೆಗೊಂದು ಕೈಮುಗಿದ ಚಿತ್ರ. ಗುರುತು ಹಿಡಿದ ಯಾರೋ ಅದರಡಿ ನನ್ನ ಫೋನ್ ನಂಬರನ್ನೂ ಸೇರಿಸಿದ್ದರು. ಉಚಿತ ಬಸ್ಸಿಗೆ ತೋರಿಸಲೆಂದು ಆಧಾರನ್ನು ಪರ್ಸಿನಲ್ಲೇ ಇಟ್ಟುಕೊಳ್ಳುತ್ತಿದ್ದೆ. ಉಳಿದವು ಯಾಕಿದ್ದವೋ, ಸುಮ್ಮನೆ ಇದ್ದವು.

ಪಶು ಆಸ್ಪತ್ರೆಯ ಕೆಲಸಕ್ಕೆಂದು ನಾನು ಇಲ್ಲಿಗೆ ಬಂದು ವರ್ಷ ದಾಟಿದೆ. ರೊಟ್ಟಿ ಬಡಿದು ಬೆಳೆದವಳು ಮುದ್ದೆ ನುಂಗುವುದನ್ನು ಕಲಿತೆ. ಅಗಿದರೆ ಜಯಮ್ಮ ನಗುತ್ತಾರೆ. ‘ಬುಡು’ ಎಂದರೆ ಬಿಡು, ‘ಮಡುಗು’ ಎಂದರೆ ಇಡು. ‘ಕಣ’ ಎನ್ನುವುದಕ್ಕೆ ಬಿಡಿಸಿ ಹೇಳುವಂಥ ಅರ್ಥವಿಲ್ಲ, ಆದರೆ ಅದಿಲ್ಲದೆ ಇವರ ಮಾತು ಸಪ್ಪೆ. ನನ್ನ ಮಾತು ಮಾತ್ರ ಇವರಿಗೆ ಇನ್ನೂ ತಮಾಷೆ. ನಾನು “ಹೌದ್ರಿ” ಎಂದರೆ ದನ ಹಿಡಿದು ನಿಂತವರೂ ಹಾಗೇ ರಾಗ ಎಳೆಯುತ್ತಾರೆ. ವರ್ಷವಿಡೀ ನನಗಿದ್ದ ಹೆಸರು ‘ಬಿಜಾಪುರದ ಮೇಡಮ್ಮು’.

ಪರ್ಸ್ ಸಿಕ್ಕಿದ್ದು ಹುಣಸೂರಿನಲ್ಲಿ ಬೇಕರಿ ಇಟ್ಟಿರುವ ಸಿದ್ದರಾಜು ಅವರಿಗೆ. ಮಾರನೆಯ ದಿನ ಹೋದೆ. ಒಂದು ಚೀಟಿಯೂ ಆಚೀಚೆಯಾಗದಂತೆ ಕೊಟ್ಟು, ಬನ್ನು ತಿನ್ನಿಸಿದರು. ನಮ್ಮ ಕಡೆ ಇಂಥದ್ದು ಸಿಕ್ಕರೆ ಊರ ಹಿರಿಯರ ಕೈಗೆ ಕೊಡುತ್ತಾರೆ, ಅವರು ನಾಲ್ಕು ಮಂದಿಯನ್ನು ಕೇಳುತ್ತಾರೆ. ಇಲ್ಲಿ ಡೈರಿಯ ಗ್ರೂಪು, ಹೊಗೆಸೊಪ್ಪು ಬೆಳೆಯುವವರ ಗ್ರೂಪು, ಭಜನೆಯ ಗ್ರೂಪು, ಪಿರಿಯಾಪಟ್ಟಣದಿಂದ ಎಚ್.ಡಿ. ಕೋಟೆಯವರೆಗೆ ಸುದ್ದಿ ಹರಡಲು ಅರ್ಧ ಗಂಟೆಯೂ ಬೇಡ.

“ಆ ಫೋಟೋ ಅಳಿಸಿಬಿಡ್ರಿ ಅಣ್ಣಾರ. ಯಾರರೆ ನನ್ನ ಹೆಸರಿನ್ಯಾಗ ಸಾಲ ತೊಗೊಂಡಾರು,” ಎಂದೆ.

ಅವರ ಮುಖ ಬಾಡಿತು. “ಅಂಗ್ ಆಕಿದ್ಕೇ ಅಲ್ವಾ ಮೇಡಮ್ಮೋರೆ ನೀವು ಸಿಕ್ಕಿದ್ದು? ಒಳ್ಳೇದ್ ಮಾಡಕ್ಕೋದ್ರೆ ಇಂಗಂತೀರಲ್ಲ.”

ಪಾಪ, ಅಳಿಸಿದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಫೋಟೋ ಹಂಚಿದರೂ ಅಷ್ಟೇ.

ನನ್ನ ಭಯವಿದ್ದದ್ದು ಅಪ್ಪನ ಬಗ್ಗೆ. ಮಾಡದ ಸಾಲ ಕೇಳಿಕೊಂಡು ಯಾರೋ ನಮ್ಮ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ ಆ ಮನುಷ್ಯ ಊಟ ಬಿಡುತ್ತಾರೆ. ಎಟಿಎಂ ಕಾರ್ಡನ್ನು ಫೋಟೋ ಕಂಡ ಸಂಜೆಯೇ ಬ್ಲಾಕ್ ಮಾಡಿಸಿದ್ದೆ. ಆಧಾರಿನ ಬೆರಳಚ್ಚನ್ನು ಆ್ಯಪಿನಲ್ಲಿ ಲಾಕ್ ಮಾಡಿದೆ. ನನ್ನ ಹೆಸರಿನಲ್ಲಿ ಬೇರೆ ಸಿಮ್ಮು, ಬೇರೆ ಸಾಲ ಹುಟ್ಟಿದೆಯೇ ಎಂದು ಹುಡುಕಿಸಿದೆ, ಇರಲಿಲ್ಲ. ಠಾಣೆಯಲ್ಲಿ “ಪರ್ಸ್ ಸಿಕ್ತಲ್ಲಾ ಮೇಡಂ, ಇನ್ಯಾಕೆ ಕಂಪ್ಲೇಂಟು?” ಎಂದು ನಕ್ಕರೂ ಬರೆದುಕೊಂಡರು. ಆಮೇಲೆ ಕಂಡಕಂಡವರಿಗೆಲ್ಲ, ಫೋನಿಗೆ ಬಂದ ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಉಪದೇಶ ಶುರು ಮಾಡಿದೆ.

ಈ ನಡುವೆ ಒಂದು ಕೊಟ್ಟಿಗೆಯಲ್ಲಿ, ಹಸುವಿನ ಕೊಂಬು ಹಿಡಿದಿದ್ದ ಅಜ್ಜಿ ಕೇಳಿದರು: “ನಿಮ್ಮಪ್ಪಾರು ಮಲ್ಲಪ್ಪೋರು ಚೆಂದಾಗವ್ರೇನವ್ವಾ?” ನಾನು ಹೆದರಬೇಕಿತ್ತು. ಖುಷಿಯಾಯಿತು.

ಮುಂದಿನ ಭಾನುವಾರ ಜಯಮ್ಮನ ಜೊತೆ ಅವರೆಕಾಯಿ ಬಿಡಿಸುತ್ತಿದ್ದಾಗ ಫೋನು ಬಂತು.

“ಆರಾಮ ಅದೀರೇನ್ರಿ ಅಕ್ಕಾರ? ಸಿಂದಗಿ ಬ್ಯಾಂಕಿನಿಂದ ಮಾತಾಡಾಕತ್ತೀನ್ರಿ. ನಿಮ್ಮ ಹೊಸಾ ಕಾರ್ಡ್ ಬಂದೈತ್ರಿ. ಮಲ್ಲಪ್ಪ ಕಾಕಾರ ಕೈಯಾಗ ಕೊಡ್ಲೇನ್ರಿ?”

ಅವ್ವನ ಫೋನು ಬಿಟ್ಟರೆ ವರ್ಷದಿಂದ ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಮಳೆ ಆಯಿತೇ ಎಂದು ಕೇಳಿದೆ, ಜೋಳ ಹೇಗಿದೆ ಎಂದು ಕೇಳಿದೆ. ಆತ ಎಲ್ಲಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟ. “ಫೋನಿಗೊಂದು ನಂಬರ್ ಬಂದೈತಿ ನೋಡ್ರಿ. ಅಷ್ಟ ಹೇಳ್ರಿ, ಮುಗೀತು.” ನಾನು ಹೇಳತೊಡಗಿದೆ. ಮೊದಲ ಎರಡು ಅಂಕಿ ಬಾಯಿಂದ ಹೊರಬಿದ್ದೂ ಆಗಿತ್ತು.

ಜಯಮ್ಮ ತಲೆಯೆತ್ತಿದರು. “ನಂಬರ್ ಏಳ್ಬ್ಯಾಡಿ ಅಂತ ಊರ್ಗೆಲ್ಲಾ ಸಾರ್ಕಂಡ್ ಬಂದೋಳು ನೀನೇ ಅಲ್ವೇನವ್ವಾ? ಮಡುಗು ಫೋನ!”

ಇಟ್ಟೆ. ಸೋಮವಾರ ಅಪ್ಪನನ್ನು ಬ್ಯಾಂಕಿಗೆ ಕಳಿಸಿ ವಿಚಾರಿಸಿದರೆ, ಅಲ್ಲಿಂದ ಯಾರೂ ಫೋನು ಮಾಡಿಯೇ ಇರಲಿಲ್ಲ. ಜಯಮ್ಮ “ಕಳ್ ನನ್ಮಗ” ಎಂದು ಬೈದರು. ನಾನೂ ಬೈದೆ, ಇಲ್ಲಿಯ ಮಾತಿನಲ್ಲೇ, ತಡವರಿಸದೆ. ಅವರಿಗೆ ಬಹಳ ಸಂತೋಷವಾಯಿತು.

ಆ ನಂಬರನ್ನು ಠಾಣೆಗೆ ಕೊಟ್ಟು ಬಂದು, ಬ್ಲಾಕ್ ಮಾಡಲು ಫೋನು ತೆಗೆದೆ. ಮಾಡಿದೆನೇನೋ ನಿಜ. ಆದರೆ ಅದಕ್ಕೆ ಮುಂಚೆ ಸ್ವಲ್ಪ ಹೊತ್ತು ಆ ನಂಬರನ್ನೇ ನೋಡುತ್ತ ಕೂತಿದ್ದೆ. ಕಳ್ಳನೆಂದು ಗೊತ್ತಿದ್ದೂ, ಅವನ ಬಾಯಿಂದ ಇನ್ನೂ ನಾಲ್ಕು ಮಾತು ಕೇಳಬೇಕಿತ್ತು ಅನಿಸಿತು.